ಸ್ಕಿಜೋಫ್ರೀನಿಯಾ: ಗುಳಿಗೆಯು ಮಿದುಳಿನಲ್ಲಿ ಮಾಡುವ ಕಾರ್ಯ

ಯಾರೂ ಇಲ್ಲದ ಕೋಣೆಯಲ್ಲಿ ತನ್ನನ್ನು ಕುರಿತು ಮಾತನಾಡುವ ಧ್ವನಿಗಳು ಕೇಳಿಸುವುದು, ಊಟದಲ್ಲಿ ವಿಷ ಬೆರೆಸಿದ್ದಾರೆಂದು ಹೆತ್ತ ತಾಯಿಯನ್ನೇ ಶಂಕಿಸುವುದು, ಸ್ನಾನ-ಊಟಗಳ ಪರಿವೆಯಿಲ್ಲದೆ ಮೂಲೆ ಹಿಡಿದು ಕೂರುವುದು ಸ್ಕಿಜೋಫ್ರೀನಿಯಾದ ಮುಖ್ಯ ಲಕ್ಷಣಗಳು. ಬಹುತೇಕ ಯೌವನದಲ್ಲಿಯೇ ಇದು ತಲೆದೋರುತ್ತದೆ. ಗಾಳಿ ಸೋಂಕಿನಿಂದಾಗಲಿ, ಮಾಟದಿಂದಾಗಲಿ, ತಂದೆತಾಯಿಗಳು ಬೆಳೆಸಿದ ರೀತಿಯಿಂದಾಗಲಿ ಬರುವ ಕಾಯಿಲೆ ಇದಲ್ಲ.

ಚರಕಸಂಹಿತೆಯು ಉನ್ಮಾದವನ್ನು ವಿವರಿಸುವಾಗ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವನ್ನು ಹೇಳುತ್ತದೆ. ಇಲ್ಲಿ ಭಕ್ತಿಯೆಂದರೆ ವ್ಯಕ್ತಿಯ ಒಲವು, ಅಭಿರುಚಿ. ರೋಗಿಯು ಲಿಂಗಪೂಜೆಯನ್ನು ಬಿಟ್ಟನೆಂದು ಗದರಿಸುವ ಹಿರಿಯರು ಇದನ್ನು ಗಮನಿಸಬೇಕು. ಆಸಕ್ತಿ ಬತ್ತುವುದು ಕಾಯಿಲೆಯದೇ ಒಂದು ಭಾಗ.

ಈ ಕಾಯಿಲೆಯ ಆಧುನಿಕ ಔಷಧಗಳ ಚರಿತ್ರೆಯಲ್ಲಿ ನಮ್ಮ ಸರ್ಪಗಂಧಕ್ಕೂ ಸ್ಥಾನವಿದೆ. ಉನ್ಮಾದದಲ್ಲಿಯೂ ರಕ್ತದೊತ್ತಡದಲ್ಲಿಯೂ ಅದರ ಬೇರು ಗುಣಕಾರಿಯೆಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು 1931ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟ ಪ್ರಾಣಿಗಳು ಅಲುಗಾಡದೆ ಬಿದ್ದುಕೊಳ್ಳುವುದನ್ನು ಪರೀಕ್ಷಿಸುತ್ತ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವರು, ಮಿದುಳಿನ ಡೋಪಮಿನ್ ಎಂಬ ದ್ರವ್ಯವನ್ನು ರಿಸರ್ಪಿನ್ ಬರಿದು ಮಾಡುವುದೆಂದು ಕಂಡುಕೊಂಡರು. ಡೋಪಮಿನ್ ಕುರಿತ ಸಂಶೋಧನೆಗಾಗಿ 2000ದಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು.

ಡೋಪಮಿನ್ ಒಂದು ನರಕೋಶದಿಂದ ಮತ್ತೊಂದಕ್ಕೆ ಸುದ್ದಿ ಒಯ್ಯುವ ದೂತ. ‘ಇದು ಮುಖ್ಯ, ಗಮನಿಸು’ ಎಂದು ಸೂಚಿಸುವುದು ಅದರ ಕೆಲಸಗಳಲ್ಲೊಂದು. ಈ ಕಾಯಿಲೆಯಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಅದು ಹೆಚ್ಚಾಗಿ ಸ್ರವಿಸುವುದರಿಂದ, ಬಸ್ಸಿನಲ್ಲಿ ಯಾರೋ ಕೆಮ್ಮಿದರೂ ಅದು ತನಗೇ ಕೊಟ್ಟ ಸಂಕೇತವೆಂದು ರೋಗಿಗೆ ತೋರುತ್ತದೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಮೊದಲ್ಗೊಂಡು ಇಂದಿನ ರಿಸ್ಪೆರಿಡೋನ್, ಓಲಾಂಜಪಿನ್‌ಗಳವರೆಗಿನ ಔಷಧಗಳು ಡೋಪಮಿನ್ ಬಂದು ಕೂರುವ ಗ್ರಾಹಕಗಳನ್ನು ತಾವೇ ಆಕ್ರಮಿಸುತ್ತವೆ. ಬೀಗದೊಳಗೆ ಹೊಕ್ಕೂ ತಿರುಗದ ಕೀಲಿಯಂತೆ. ಈ ತಡೆ ಕೆಲವೇ ಗಂಟೆಗಳಲ್ಲಿ ಆಗುವುದಾದರೂ ಬೇರೂರಿದ ಶಂಕೆಗಳು ಸಡಿಲಗೊಳ್ಳಲು ವಾರಗಳೇ ಬೇಕು. ಎಂಟು ದಿನ ನುಂಗಿಸಿ ‘ಗುಣ ಕಾಣಲಿಲ್ಲ’ ಎನ್ನುವವರು ಇದನ್ನು ತಿಳಿಯಬೇಕು.

ಶೇಕಡಾ 65ರಿಂದ 80ರಷ್ಟು ಗ್ರಾಹಕಗಳು ಮುಚ್ಚಿದರೆ ಸಾಮಾನ್ಯವಾಗಿ ಗುಣ ಕಾಣುತ್ತದೆ. ಅದನ್ನು ಮೀರಿದರೆ ಕೈನಡುಕ, ಮೈ ಬಿಗಿತಗಳು ಹೆಚ್ಚುತ್ತವೆ, ಏಕೆಂದರೆ ಚಲನೆಗೂ ಡೋಪಮಿನ್ನೇ ಬೇಕು. ಕೆಲವು ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದುಂಟು. ಓಲಾಂಜಪಿನ್‌ನಿಂದ ತೂಕವೂ ಸಕ್ಕರೆಯೂ ಏರಬಹುದು. ಕ್ಲೋಜಪಿನ್ ಸೇವಿಸುವವರಿಗೆ ರಕ್ತಪರೀಕ್ಷೆ ತಪ್ಪಬಾರದು. ಇವುಗಳನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ಮಂಕುತನ, ನಿರಾಸಕ್ತಿಗಳು ಮಾತ್ರ ಗುಳಿಗೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಮನೆಯವರ ತಾಳ್ಮೆ ಮತ್ತು ಕೈಲಾದಷ್ಟು ಕಾಯಕ ನೆರವಾಗುತ್ತವೆ. ದಾಸೋಹದಲ್ಲಿ ಎಲೆ ಹಾಸುವ ಕೆಲಸವಾದರೂ ಸರಿಯೇ.

ಶ್ರಾವಣದ ಪ್ರವಚನ ಆರಂಭವಾದೊಡನೆ ‘ಇಂಗ್ಲಿಷ್ ಔಷಧ’ವನ್ನು ನಿಲ್ಲಿಸುವವರು, ‘ಇನ್ನು ನೀವೇ ಆಯುರ್ವೇದದಲ್ಲಿ ನೋಡಿ’ ಎಂದು ನನ್ನ ಬಳಿಗೆ ಬರುವವರು ಪ್ರತಿವರ್ಷ ಇದ್ದಾರೆ. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಗುಳಿಗೆಯನ್ನು ನಿಲ್ಲಿಸಬೇಡಿ. ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲೋ ಒಂದೆರಡು ವರ್ಷದಲ್ಲೋ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಂತೆಲ್ಲ ಚೇತರಿಕೆ ಕಠಿಣವಾಗಬಹುದು. ಸರ್ಪಗಂಧವನ್ನು ಸ್ವಂತವಾಗಿ ಸೇವಿಸುವುದೂ ಬೇಡ. ಅದು ರಕ್ತದೊತ್ತಡವನ್ನು ಅತಿಯಾಗಿ ಇಳಿಸಬಹುದು, ಖಿನ್ನತೆಯನ್ನೂ ತರಬಹುದು. ಬ್ರಾಹ್ಮೀಘೃತದಂಥವು ಬೇಕೆನಿಸಿದರೆ ಮನೋವೈದ್ಯರಿಗೆ ತಿಳಿಸಿಯೇ ಆಗಬೇಕು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವೆನಿಸಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನು ಮಾತ್ರವಲ್ಲ, ಮನೆಯಲ್ಲಿ ಕೊಡುತ್ತಿರುವ ಕಷಾಯ, ಲೇಹ್ಯಗಳ ಹೆಸರನ್ನೂ ಬರೆದು ಒಯ್ಯಿರಿ.