ಮೆಟ್ಟುಗತ್ತಿ ಯಾಕೆ ಕಪ್ಪಾಗುತ್ತದೆ?

ಸರ್, ಅಡಿಕೆ ಸುಲಿಯುವಾಗ ಅಮ್ಮನ ಕೈ, ಮೆಟ್ಟುಗತ್ತಿ ಎರಡೂ ಕಪ್ಪಾಗುತ್ತವೆ. ಅದೇ ಅಡಿಕೆ ಹಂಡೆಯಲ್ಲಿ ಬೆಂದರೆ ಕೆಂಪಗಿರುತ್ತದೆ. ಯಾಕೆ?
– 8ನೇ ತರಗತಿ ವಿದ್ಯಾರ್ಥಿನಿ, ತಾಳಗುಂದ

ಕಪ್ಪಿಗೆ ಕಾರಣ ಕತ್ತಿಯ ಕಬ್ಬಿಣ, ಪುಟ್ಟಿ. ಅಡಿಕೆಯ ಒಗರು ಬರುವುದು ಟ್ಯಾನಿನ್ ಎಂಬ ವಸ್ತುವಿನಿಂದ. ಬೇಯಿಸಿದಾಗ ಅದೇ ನೀರಿಗಿಳಿದು ಚೊಗರಾಗುತ್ತದೆ. ಹಸಿ ಅಡಿಕೆಯ ರಸ ತಾಗಿದಾಗ ಕತ್ತಿಯ ಕಬ್ಬಿಣ ಕಣ್ಣಿಗೆ ಕಾಣದಷ್ಟು ಕರಗುತ್ತದೆ. ಕರಗುವ ಪ್ರತಿ ಪರಮಾಣುವೂ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಹೀಗೆ ಮೂರು ಕಳೆದುಕೊಂಡ ಕಬ್ಬಿಣ ಟ್ಯಾನಿನ್ ಜೊತೆ ಸೇರಿದರೆ ಕಪ್ಪು ಬಣ್ಣ. ಗಾಳಿಯ ಕೆಲಸವೂ ಇರುವುದರಿಂದ ಕತ್ತಿ ಕೂಡಲೇ ಅಲ್ಲ, ತುಸು ಹೊತ್ತಿನ ಮೇಲೆ ಕಪ್ಪೇರುತ್ತದೆ. ನೀನೇ ಗಮನಿಸಿ ನೋಡು.

ಅಡಿಕೆ ಬೇಯಿಸಲು ನಮ್ಮ ಹಿರಿಯರು ತಾಮ್ರದ ಹಂಡೆ ಇಟ್ಟುಕೊಂಡದ್ದು ಎಷ್ಟು ಒಳ್ಳೆಯದಾಯಿತು! ಕಬ್ಬಿಣದ ಪಾತ್ರೆಯಾಗಿದ್ದರೆ ಕೆಂಪಡಿಕೆಯ ಬಣ್ಣವೇ ಕೆಡುತ್ತಿತ್ತು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಅನ್ನಭೇದಿ ಎಂದರೆ ಕಬ್ಬಿಣದ ಸಲ್ಫೇಟ್.

ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ತುಕ್ಕು ಹಿಡಿದ ಮೊಳೆಯೊಂದನ್ನು ರಾತ್ರಿಯಿಡೀ ಬಿಡು. ಬೆಳಿಗ್ಗೆ ಕಪ್ಪಾಗಿರುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಕಪ್ಪು ತಿಳಿಯಾಗುತ್ತದೆ. ಅಮ್ಮನ ಕೈಗೂ ನಿಂಬೆಹಣ್ಣೇ ಮದ್ದು. (ಆ ಚಹಾ ಕುಡಿಯಬೇಡ!)

ಸರ್, ನಮ್ಮೂರಿನ ಶಾಸನದ ಕಂಬ ಅಷ್ಟು ಹಳೆಯದು, ಏನೂ ಆಗಿಲ್ಲ. ಮನೆಯ ಗೇಟು ನಾಲ್ಕು ಮಳೆಗಾಲಕ್ಕೇ ತುಕ್ಕು ಹಿಡಿಯಿತು.
– 6ನೇ ತರಗತಿ ವಿದ್ಯಾರ್ಥಿ, ತಾಳಗುಂದ

ಪ್ರಣವೇಶ್ವರ ದೇವಸ್ಥಾನದ ಮುಂದಿನ ಆ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ 5ನೇ ಶತಮಾನದಲ್ಲಿ, ಕುಬ್ಜ ಕವಿಯ ಪದ್ಯಗಳನ್ನು ಕೆತ್ತಲಾಯಿತು. ಅದು ಗ್ರಾನೈಟ್ ಕಲ್ಲು. ಕಲ್ಲಿನೊಳಗಿನ ಸಿಲಿಕಾನ್, ಅಲ್ಯೂಮಿನಿಯಂ ಆಮ್ಲಜನಕದೊಂದಿಗೆ ಯಾವತ್ತೋ ಸೇರಿ ಆಗಿದೆ. ಮಳೆ ಗಾಳಿ ಅದನ್ನು ಸವೆಸುವುದು ತೀರ ನಿಧಾನ. ಗೇಟಿನ ಕಬ್ಬಿಣ ಹಾಗಲ್ಲ. ಅದಿರಿನಿಂದ ಆಮ್ಲಜನಕವನ್ನು ಬಿಡಿಸಿಯೇ ಕಬ್ಬಿಣ ತೆಗೆದಿರುತ್ತಾರೆ. ನೀರು ಸಿಕ್ಕರೆ ಮತ್ತೆ ಸೇರಿಕೊಳ್ಳುತ್ತದೆ, ಅದೇ ತುಕ್ಕು. ಮಳೆಗಾಲಕ್ಕೆ ಮುಂಚೆ ಗೇಟಿಗೆ ಬಣ್ಣ ಹೊಡೆಸಲು ಅಪ್ಪನಿಗೆ ಹೇಳು.

ಸರ್, ನಿಂಬೆಹಣ್ಣಿಗೆ ಮೊಳೆ, ತಾಮ್ರದ ತಂತಿ ಚುಚ್ಚಿ ಟಾರ್ಚ್ ಬಲ್ಬ್ ಕಟ್ಟಿದೆ. ಹತ್ತಲೇ ಇಲ್ಲ.
– 9ನೇ ತರಗತಿ ವಿದ್ಯಾರ್ಥಿ, ಶಿರಾಳಕೊಪ್ಪ

ಹಳೇ ಟಾರ್ಚ್ ಬಲ್ಬಿಗೆ ಸುಮಾರು 300 ಮಿಲಿಆಂಪಿಯರ್ ಬೇಕು. ನಿಂಬೆಹಣ್ಣು ಕೊಡುವುದು ಒಂದು ಮಿಲಿಆಂಪಿಯರ್ ಆಸುಪಾಸು. ಕೆಂಪು ಎಲ್‌ಇಡಿ ತಗೋ, ಅದಕ್ಕೆ ಅಷ್ಟೇ ಸಾಕು. ಆದರೆ ಸುಮಾರು 1.8 ವೋಲ್ಟ್ ಬೇಕು. ಒಂದು ಹಣ್ಣಿನಿಂದ ಸಿಗುವುದು 0.9ರಷ್ಟು. ನಾಲ್ಕು ಹಣ್ಣುಗಳನ್ನು ಸಾಲಾಗಿ, ಒಂದರ ತಾಮ್ರಕ್ಕೆ ಮುಂದಿನದರ ಮೊಳೆ ಬರುವಂತೆ ಜೋಡಿಸು. ಮೊಳೆ ಸತುವಿನ ಲೇಪನದ್ದೇ ಇರಲಿ. ಕೊನೆಗೆ ಉಳಿಯುವ ತಾಮ್ರಕ್ಕೆ ಎಲ್‌ಇಡಿಯ ಉದ್ದನೆಯ ಕಾಲು, ಮೊಳೆಗೆ ಗಿಡ್ಡ ಕಾಲು. ಕತ್ತಲೆ ಕೋಣೆಯಲ್ಲಿ ನೋಡು.

ಈ ವಿದ್ಯುತ್ತು ಹಣ್ಣಿನದು ಎಂದು ತುಂಬ ಜನ ತಿಳಿದಿದ್ದಾರೆ. ಅಲ್ಲ, ಸತುವಿನದು. ಸತು ಹುಳಿಯಲ್ಲಿ ಕರಗುತ್ತ ಎಲೆಕ್ಟ್ರಾನ್ ಬಿಡುತ್ತದೆ, ಥೇಟ್ ಮೆಟ್ಟುಗತ್ತಿಯ ಕಬ್ಬಿಣದ ಹಾಗೆಯೇ. ಇಲ್ಲಿ ಅವು ತಂತಿಯ ಮೂಲಕ ತಾಮ್ರದ ಕಡೆಗೆ ಹರಿಯುತ್ತವೆ, ದಾರಿಯಲ್ಲಿ ದೀಪ ಹೊತ್ತಿಸುತ್ತವೆ. ಎರಡು ದಿನ ಬಿಟ್ಟು ಮೊಳೆ ಕಿತ್ತು ನೋಡು: ಹುಳಿಯಲ್ಲಿದ್ದ ಭಾಗದ ಹೊಳಪು ಹೋಗಿ ಒರಟಾಗಿರುತ್ತದೆ. ಸತು ಇಳಿದಿರುವ ಆ ಹಣ್ಣನ್ನು ಪಾನಕಕ್ಕೆ ಹಾಕದೆ ಎಸೆದುಬಿಡು. ಗೋಡೆಯ 230 ವೋಲ್ಟ್ ಪ್ಲಗ್ಗಿಗೆ ಮಾತ್ರ ಈ ತಂತಿಗಳನ್ನು ಎಂದೂ ಒಯ್ಯಬೇಡ.