ವಿಮಾನಗಳ ಮಿತವ್ಯಯ ಮಾರ್ಗ

ಹೈದರಾಬಾದಿನಿಂದ ಹೊರಡುವ ಪ್ರತಿಯೊಂದು ವಿಮಾನದ ಮಾರ್ಗವನ್ನೂ ಮುಂಚಿತವಾಗಿಯೇ ಗೊತ್ತುಪಡಿಸಲಾಗುತ್ತದೆ. ಅತಿ ಕಡಮೆ ವೆಚ್ಚದ ಮಾರ್ಗವನ್ನು ಆರಿಸುವಾಗ ಮುಖ್ಯವಾಗಿ ಮೂರು ಅಂಶಗಳನ್ನು ಪರಿಗಣಿಸುತ್ತಾರೆ.

ಮೊದಲನೆಯದು ದೂರ. ಭೂಮಿಯು ಗೋಳಾಕಾರವಾಗಿರುವುದರಿಂದ ಭೂಪಟದ ಮೇಲಿನ ಸರಳರೇಖೆಯು ಯಾವಾಗಲೂ ಅತ್ಯಂತ ಸಮೀಪದ ದಾರಿಯಾಗಿರುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಹೈದರಾಬಾದ್ ಮತ್ತು ಷಿಕಾಗೋ ನಡುವೆ ನೇರ ವಿಮಾನ ಸಂಚಾರವನ್ನು ಆರಂಭಿಸಿತು. ಭೂಗೋಳದ ಮೇಲೆ ಈ ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ, ಅದು ಉತ್ತರ ಧ್ರುವ ಪ್ರದೇಶದ ಮೂಲಕ ಹಾದುಹೋಗುವುದು ಕಾಣುತ್ತದೆ.

ಎರಡನೆಯದು ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಸುಮಾರು 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಹಿಂಗಾಳಿಯು ಇಂಧನವನ್ನು ಉಳಿಸುತ್ತದೆ. ಎದುರುಗಾಳಿ ಪ್ರಬಲವಾಗಿದ್ದಲ್ಲಿ ಕೆಲವೊಮ್ಮೆ ಸುತ್ತುದಾರಿಯೇ ಅಗ್ಗವಾಗುತ್ತದೆ.

ಮೂರನೆಯದು ಅನುಮತಿ. ಹೈದರಾಬಾದಿನ ಸಮೀಪದ ದುಂಡಿಗಲ್ ಮತ್ತು ಹಕೀಂಪೇಟೆಗಳಲ್ಲಿ ವಾಯುಪಡೆಯ ತರಬೇತಿ ನೆಲೆಗಳಿವೆ. ದೇಶದ ರಕ್ಷಣೆಗಾಗಿ ಮೀಸಲಿಟ್ಟ ಇಂಥ ವಾಯುಪ್ರದೇಶಗಳನ್ನು ನಾಗರಿಕ ವಿಮಾನಗಳು ಬಳಸಿ ಹಾರಬೇಕಾದರೆ ಅನುಮತಿ ಅಗತ್ಯ. ಭಾರತದ ವಾಯುಪ್ರದೇಶದಲ್ಲಿ ಶೇ. 60ರಷ್ಟು ಮಾತ್ರ ಮುಕ್ತವಾಗಿ ಲಭ್ಯವಿದೆಯೆಂದು 2020ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವರು ತಿಳಿಸಿದರು. ನಿರ್ಬಂಧಗಳನ್ನು ಸಡಿಲಿಸುವುದರಿಂದ ವಾಯುಯಾನ ಕ್ಷೇತ್ರಕ್ಕೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಲಾಭವಾಗುವುದೆಂದು ಆಗ ಅಂದಾಜು ಮಾಡಲಾಯಿತು. ಸೇನೆಯು ಬಳಸದಿರುವ ವೇಳೆಯಲ್ಲಿ ಆ ಆಕಾಶವನ್ನು ನಾಗರಿಕ ವಿಮಾನಗಳಿಗೆ ತೆರೆದಿಡುವುದೇ ಈ ಕ್ರಮದ ತಿರುಳು.

ಕಚ್ಚಾ ತೈಲದ ಬಹುಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುವ ನಮ್ಮ ದೇಶದಲ್ಲಿ, ಹಾರಾಟದ ಪ್ರತಿ ನಿಮಿಷದ ಉಳಿತಾಯವೂ ರಾಷ್ಟ್ರದ ಉಳಿತಾಯವೇ ಆಗಿದೆ.