ಸೋದರ ಸೊಸೆಗೆ, ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ನೋಡವ್ವ, ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ನಿನಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು ಎಂದು ಹೇಳುವಾಗ ಫೋನಿನಲ್ಲಿ ನಿಮ್ಮವ್ವನ ದನಿ ನಡುಗುತ್ತಿತ್ತು. ಲ್ಯಾಪ್‌ಟಾಪಿಗೆಂದು ನಿಮ್ಮಪ್ಪ 25 ಸಾವಿರ ತೆಗೆದಿಟ್ಟಿದ್ದಾರಂತೆ. ರಾವೂರಿನಲ್ಲಿ ಕಲ್ಲಿನ ಪಾಲಿಶ್ ಮಷಿನ್ ಮುಂದೆ ನಿಂತು ದುಡಿದ ರೊಕ್ಕ ಅದು. ಅಷ್ಟಕ್ಕೆ ಹೊಸದು ತಗೊಂಡರೆ ಪ್ಲಾಸ್ಟಿಕ್ ಮೈಯ, ಸಣ್ಣ ಪ್ರೊಸೆಸರಿನ ಯಂತ್ರ ಸಿಗುತ್ತದೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಎಲೀಟ್‌ಬುಕ್, ಲ್ಯಾಟಿಟ್ಯೂಡ್‌ಗಳ ಮೈ ಗಟ್ಟಿ, ಕೀಬೋರ್ಡ್ ಛಲೋ, ಕೆಟ್ಟರೆ ಬಿಡಿಭಾಗಗಳೂ ಸಿಗುತ್ತವೆ. ಅದಕ್ಕೇ ರಿಫರ್ಬಿಶ್ಡ್ ತಗೋ ಅಂದೆ. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಮಾತು ಕಿವಿಯಲ್ಲಿಟ್ಟುಕೋ.

ನಮ್ಮೂರಲ್ಲಿ ಫರ್ಸಿ ಕಲ್ಲು ಕೊಳ್ಳಲು ಬಂದ ಜಾಣ ಗಿರಾಕಿ ಮೊದಲು ಏನು ಮಾಡುತ್ತಾನೆ, ನೀನೇ ನೋಡಿದ್ದೀ. ಪಾಲಿಶ್ ಮಿಂಚಿಗೆ ಅವನು ಮರುಳಾಗುವುದಿಲ್ಲ. ಬಗ್ಗಿ ಅಂಚಿನಲ್ಲಿ ಪದರ ನೋಡುತ್ತಾನೆ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾನೆ. ಲ್ಯಾಪ್‌ಟಾಪಿನ ಮೇಲಿನ ‘ಐ5’, ‘ಐ7’ ಸ್ಟಿಕ್ಕರ್ ಆ ಪಾಲಿಶ್ ಇದ್ದಂತೆ. ಅಂಚು ಇರುವುದು ಅದರ ಮುಂದಿನ ನಂಬರಿನಲ್ಲಿ.

ಇದು ನಾನು ರೊಕ್ಕ ಕೊಟ್ಟು ಕಲಿತ ಪಾಠ. ಕಲ್ಲಿನ ಬಿಲ್ಲು, ಜಿಎಸ್‌ಟಿ ಲೆಕ್ಕ ಬರೆಯಲು ಬೇಕೆಂದು ದೂರದ ಊರಿನ ಒಂದು ಅಂಗಡಿಯಲ್ಲಿ ಐ7 ಇರುವ ಯಂತ್ರ ತಂದೆ. ‘ಐ5ಗಿಂತ ದೊಡ್ಡದು’ ಅಂದಿದ್ದ ಮಾರುವವನು. ಮನೆಗೆ ಬಂದು ನೋಡಿದರೆ ಅದು ಐ7-7600ಯು. 7ನೇ ಜನರೇಶನ್, ಬರೀ ಎರಡು ಕೋರ್. ಅದೇ ವಾರ ನನ್ನ ಗೆಳೆಯ ತಂದದ್ದು ಐ5-8350ಯು, 8ನೇ ಜನರೇಶನ್, ನಾಲ್ಕು ಕೋರ್. ಎರಡೂ 2017ರಲ್ಲೇ ಬಂದವು. ಟ್ಯಾಲಿ, ಬ್ರೌಸರ್, ಮೇಲೊಂದು ವಿಡಿಯೊ ಕರೆ ಒಟ್ಟಿಗೆ ತೆರೆದರೆ ನನ್ನದು ಏದುಸಿರು ಬಿಡುತ್ತಿತ್ತು, ಅವನದು ಸುಮ್ಮನೆ ನಡೆಯುತ್ತಿತ್ತು. ಹೆಚ್ಚು ಕೊಟ್ಟವನು ಮಾತ್ರ ನಾನು.

ಇಂಟೆಲ್ ನಂಬರ್ ಓದುವುದು ಹೀಗೆ. 8350 ಅಂದರೆ 8ನೇ ಜನರೇಶನ್, 10310 ಅಂದರೆ 10ನೇದು. 1145ಜಿ7 ಅಂತಿದ್ದರೆ ಮೊದಲ ಎರಡು ಅಂಕಿ ಹಿಡಿ, ಅದು 11ನೇದು. 8ಕ್ಕಿಂತ ಕೆಳಗಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅವರು ಒಪ್ಪುವುದು ಬಹುಮಟ್ಟಿಗೆ 8ನೇ ಜನರೇಶನ್‌ನಿಂದ ಮೇಲಿನವನ್ನು. 7ನೇದಕ್ಕೂ ಅಡ್ಡದಾರಿಯಲ್ಲಿ 11 ಹಾಕಿ ಮಾರುವವರಿದ್ದಾರೆ. ನಾಲ್ಕು ವರ್ಷ ಓದಬೇಕಾದ ಹುಡುಗಿಗೆ ಆ ತಾಪತ್ರಯ ಯಾಕೆ?

8ನೇದಕ್ಕಿಂತ 10ನೇದಕ್ಕೆ ಹೆಚ್ಚು ರೊಕ್ಕ ಕೇಳಿದರೆ ಕೊಡಬೇಡ ಅನ್ನುತ್ತೇನೆ. ಕಂಪನಿ ಲ್ಯಾಪ್‌ಟಾಪಿನಲ್ಲಿ ಸಿಗುವ 10210ಯು, 10310ಯು ಕೂಡ ನಾಲ್ಕೇ ಕೋರಿನವು, ಒಳಗಿನ ಕಟ್ಟಡವೂ ಹೆಚ್ಚುಕಡಿಮೆ ಹಳೆಯದೇ. 11ಕ್ಕೆ ಹೋದರೆ ವ್ಯತ್ಯಾಸ ಖರೇ ಕಾಣುತ್ತದೆ: ಐ5-1135ಜಿ7, 1145ಜಿ7ಗಳಲ್ಲಿ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇದೆ, ಒಂದೊಂದು ಕೋರಿನ ಬಲವೂ ಹೆಚ್ಚು. ಎರಡು ಮೂರು ಸಾವಿರ ಹೆಚ್ಚಾದರೆ ನಾನು ಹಾಕುತ್ತೇನೆ, ನಿಮ್ಮಪ್ಪನಿಗೆ ಹೇಳಬೇಡ.

ಎಎಮ್‌ಡಿ ಎಂದು ಹೇಳಿದ ಕೂಡಲೇ ನಮ್ಮ ಕಡೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಅವರ ಮಾತು ಕೇಳಬೇಡ. ರೈಜನ್ 5 ಪ್ರೊ 4650ಯು ಇರುವ ಥಿಂಕ್‌ಪ್ಯಾಡ್ ಟಿ14 ನಿನ್ನ ರೊಕ್ಕಕ್ಕೆ ಸಿಕ್ಕರೆ ಬಿಡಲೇಬೇಡ. ಆರು ಕೋರ್, ಹನ್ನೆರಡು ಥ್ರೆಡ್. ನೀನು ಮುಂದೆ ಆಂಡ್ರಾಯ್ಡ್ ಸ್ಟುಡಿಯೊ, ವರ್ಚುವಲ್ ಮಷಿನ್ ಓಡಿಸುವಾಗ ಆ ಕೋರುಗಳೇ ಕೈ ಹಿಡಿಯುತ್ತವೆ. ರೈಜನ್ ನಂಬರಿನಲ್ಲೂ ಒಂದು ಮೋಸದ ತಿರುವಿದೆ: 5500ಯು ಹೆಸರಿಗೆ 5000ದ ಸಾಲಿನದು, ಒಳಗೆ ಮಾತ್ರ 4000ದ ಸಾಲಿನ ಹಳೆಯ ಝೆನ್ 2 ಕಟ್ಟಡ. 5600ಯು, 5650ಯುಗಳಲ್ಲಿ ಇರುವುದು ಝೆನ್ 3.

ನಂಬರಿನ ಕೊನೆಯ ಅಕ್ಷರದ ಬಗ್ಗೆ ನಾನು ಭಾಳ ಹೇಳಬೇಕು, ಯಾಕೆಂದರೆ ನಾವಿರುವುದು ರಾವೂರಿನಲ್ಲಿ. ಯು ಅಂದರೆ 15 ವ್ಯಾಟಿನ ಲೆಕ್ಕದ್ದು, ಎಚ್ ಅಂದರೆ 45 ವ್ಯಾಟ್. ಎಚ್ ವೇಗದ್ದು ಹೌದು, ಆದರೆ ಅಷ್ಟೂ ವಿದ್ಯುತ್ತು ಕಾವಾಗಿ ಹೊರಗೆ ಬರಬೇಕು. ಮೇ ತಿಂಗಳಲ್ಲಿ ನಮ್ಮ ಕಡೆ 42-43 ಡಿಗ್ರಿ ಸಾಮಾನ್ಯ. ಕಲ್ಲಿನ ಮನೆ ಹಗಲೆಲ್ಲ ಕಾದು ರಾತ್ರಿಯೂ ಬಿಸಿಯುಸಿರು ಬಿಡುತ್ತದೆ. ಮೇಲೆ ಕಲ್ಲಿನ ಧೂಳು. ಪಾಲಿಶ್ ಮಾಡುವಾಗ ನೀರಲ್ಲಿ ಹರಿದ ರಾಡಿ ಒಣಗಿ, ಲಾರಿಗಾಲಿಗೆ ಸಿಕ್ಕು, ಹಿಟ್ಟಿನಂತೆ ಹಾರುತ್ತದೆ.

ಹೋದ ಬೇಸಿಗೆಯಲ್ಲಿ ಗೆಳೆಯನ ಆ 8350ಯು ಯಂತ್ರ ಇದ್ದಕ್ಕಿದ್ದಂತೆ ಆಮೆಯಾಯಿತು. 3.6 ಗಿಗಾಹರ್ಟ್ಸ್‌ವರೆಗೆ ಏರಬಲ್ಲದ್ದು ಒಂದರ ಆಚೀಚೆ ತೆವಳುತ್ತಿತ್ತು. ಹಿಂಬದಿಯ ಸ್ಕ್ರೂ ಬಿಚ್ಚಿದೆ. ಫ್ಯಾನಿನ ಬಾಯಿಗೂ ತಾಮ್ರದ ಕೊಳವೆಯ ತುದಿಯಲ್ಲಿರುವ ತೆಳು ಹಲ್ಲುಗಳಿಗೂ ನಡುವೆ ಬೂದು ಕಂಬಳಿಯ ತುಂಡಿನಂಥ ಪದರ ಕೂತಿತ್ತು. ಚಿಮಟದಿಂದ ಹಿಡಿದೆ, ಇಡಿಯಾಗಿ ಎದ್ದು ಬಂತು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಒರೆಸಿ, ಹೊಸ ಪೇಸ್ಟ್ ಹಚ್ಚಿ ಮುಚ್ಚಿದ ಮೇಲೆ ಹಳೆಯ ವೇಗ ಮರಳಿತು. ಪ್ರೊಸೆಸರ್ ಸುಟ್ಟುಹೋಗಬಾರದೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅವ್ವ. 100 ಡಿಗ್ರಿ ಅದರ ಗಡಿ. ಉಸಿರುಗಟ್ಟಿದ ಎಚ್‌ಗಿಂತ ಗಾಳಿಯಾಡುವ ಯು ಮೇಲು ಎಂದು ನಾನು ಹೇಳುವುದು ಇದಕ್ಕೇ. ಕರೆಂಟ್ ಹೋದಾಗ ಬ್ಯಾಟರಿ ಬಾಳುವುದೂ ಯು ಇದ್ದರೇ. ಥಿಂಕ್‌ಪ್ಯಾಡ್ ಟಿ480 ಸಿಕ್ಕರೆ ಅದರಲ್ಲಿ ಎರಡು ಬ್ಯಾಟರಿ ಇರುತ್ತವೆ. ಹಿಂದಿನದನ್ನು ಯಂತ್ರ ಆರಿಸದೆಯೇ ಬದಲಿಸಬಹುದು.

ಅಂಗಡಿಯಲ್ಲಿ ಸ್ಟಿಕ್ಕರ್ ಕಡೆ ನೋಡದೆ ಟಾಸ್ಕ್ ಮ್ಯಾನೇಜರ್ ತೆಗೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿದರೆ ಪೂರ್ತಿ ಹೆಸರು, ಕೋರ್ ಎಷ್ಟು, ಈಗ ಓಡುತ್ತಿರುವ ವೇಗ ಎಷ್ಟು, ಎಲ್ಲ ಕಾಣುತ್ತದೆ. ನಾಲ್ಕಾರು ವಿಡಿಯೊ ಒಟ್ಟಿಗೆ ಹಚ್ಚಿ ಕಾಲು ಗಂಟೆ ಬಿಡು. ವೇಗ ಕುಸಿದರೆ, ಫ್ಯಾನು ಕಿರುಚಿದರೆ, ಅಂಗೈಗೆ ಸುಟ್ಟರೆ ಬೇರೆಯದನ್ನು ಕೇಳು. ಮಾರುವವನು ಅವಸರ ಮಾಡಿದರೂ ನೀನು ಮಾಡಬೇಡ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ಬಯಾಸ್ ಒಳಗೂ ಹೋಗಿ ನೋಡು. ಅಲ್ಲಿ ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡವೇ ಬೇಡ. ರ‍್ಯಾಮ್ 16 ಜಿಬಿ ಇರಲಿ; 8 ಇದ್ದರೆ ಇನ್ನೊಂದು ಹಾಕಲು ಖಾಲಿ ಸ್ಲಾಟ್ ಇದೆಯೋ ಕೇಳು.

ಕಲಬುರಗಿಯ ಅಂಗಡಿಗಳನ್ನು ಮೊದಲು ನೋಡಿಬಿಡು. ಕೆಟ್ಟರೆ ಮರಳಿ ಹೋಗಲು ಅದು ಹತ್ತಿರ, ವಾರಂಟಿ ಚೀಟಿಗೆ ಬೆಲೆ ಬರುವುದೂ ಆಗಲೇ. ಅಲ್ಲಿ ಮನಸ್ಸಿಗೆ ಬರದಿದ್ದರೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇದ್ದೇ ಇದೆ. ಶನಿವಾರ ವಾಡಿಯಿಂದ ಮುಂಜಾನೆಯ ರೈಲು ಹಿಡಿಯೋಣ, ನಾನೂ ಬರುತ್ತೇನೆ. ಸಣ್ಣ ಸ್ಕ್ರೂಡ್ರೈವರ್ ನನ್ನ ಚೀಲದಲ್ಲಿರುತ್ತದೆ. ಬುತ್ತಿ ಮಾತ್ರ ನಿಮ್ಮವ್ವ ಕಟ್ಟಲಿ.